ಕೌದಿಗೆ ಯಾವ ಹೊಲಿಗೆ ಒಪ್ಪುತ್ತದೆ?

ನಮ್ಮ ಅಥಣಿ ಸೀಮೆಯ ಮನೆಗಳಲ್ಲಿ ಕೌದಿ ಹಾಸಿಗೆಯೂ ಹೌದು, ಹೊದಿಕೆಯೂ ಹೌದು. ಹಳೆಯ ಸೀರೆ, ದೋತರಗಳನ್ನು ಪದರು ಪದರಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸುತ್ತಾರೆ. ಆಮೇಲೆ ಬರುವುದೇ ದೊಡ್ಡ ಪ್ರಶ್ನೆ: ಇದರ ಮೇಲೆ ಹೊಲಿಗೆ ಹೇಗೆ ಓಡಬೇಕು?

ಮಕ್ಕಳೇ, ಹೊಲಿಗೆಗೆ ಎರಡು ಕೆಲಸ. ಒಗೆದಾಗ ಒಳಗಿನ ಪದರು ಸರಿದು ಮುದ್ದೆಯಾಗದಂತೆ ಹಿಡಿಯುವುದು ಮೊದಲನೆಯದು. ಅಂದ ಎರಡನೆಯದು. ಐಗಳಿಯ ನಮ್ಮ ಓಣಿಯ ಹಿರಿಯರು ಮೊದಲು ಮೇಲಿನ ಬಟ್ಟೆ ನೋಡುತ್ತಾರೆ. ಅದರ ತುಂಬ ಚೌಕ, ತ್ರಿಕೋನದ ತುಂಡುಗಳಿದ್ದರೆ ಸಾದಾ ನೇರ ಸಾಲು ಸಾಕು. "ಚಿತ್ರದ ಮ್ಯಾಲ ಚಿತ್ರ ಬರದ್ರ ಎರಡೂ ಕಾಣೂದಿಲ್ಲ" ಎನ್ನುತ್ತಾರೆ ನಮ್ಮ ಅಜ್ಜಿ. ಮೇಲೆ ಒಂದೇ ಬಣ್ಣದ ಸೀರೆ ಇದ್ದರೆ ಹೊಲಿಗೆಯೇ ಚಿತ್ರವಾಗಬೇಕು. ಆಗ ಎದ್ದು ಕಾಣುವ ದಾರ ಹಿಡಿದು, ಅಂಚಿನಿಂದ ಹೊರಟು, ಚೌಕದೊಳಗೆ ಚೌಕವಾಗಿ ನಡುವಿಗೆ ಬರುತ್ತಾರೆ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳು ಕೂಡ ಅಂಚಿನಿಂದಲೇ ನಡುವಿಗೆ ಹೊಲಿಯುತ್ತಾರೆ. ಮೂಲೆಗಳಿಗೆ ಮಡಚಿದ ಬಟ್ಟೆಯ ಹೂ ಇಡುತ್ತಾರೆ. ಬಂಗಾಳದ ಕಾಂತಾದಲ್ಲಿ ಹೊಲಿಗೆ ಹೂವು, ಮೀನುಗಳ ಸುತ್ತ ನೀರಿನ ಅಲೆಯಂತೆ ಹರಡುತ್ತದೆ.

ಈಗ ನಮ್ಮ ಮನೆಯಲ್ಲೊಂದು ಕೌದಿ ನಡೆದಿದೆ. ಒಳಗೆ ತೀರಿಕೊಂಡ ಅಜ್ಜನ ದೋತರ, ಮೇಲೆ ಅಜ್ಜಿಯ ಮದುವೆಯ ಇಳಕಲ್ ಸೀರೆ. ಹಳೆಯ ರೇಷ್ಮೆಗೆ ಬಿದ್ದ ಸೂಜಿತೂತು ಮುಚ್ಚುವುದಿಲ್ಲ. ಬಿಚ್ಚಿ ಮತ್ತೆ ಹೊಲಿಯುವ ಹಾಗಿಲ್ಲ. ಅದಕ್ಕೇ ಎಲ್ಲರೂ ಕುಳಿತು ಮೊದಲೇ ನಿರ್ಧರಿಸಿದೆವು. ಸೆರಗಿನ ತೆನೆಗಳ ಮೇಲೆ ಸೂಜಿ ಬೇಡ, ಅವುಗಳ ಸುತ್ತ ಒಂದೇ ಸಾಲು. ಹತ್ತಿಯ ಒಡಲು ಗಟ್ಟಿ ಇರುವ ಕಡೆ ಎರಡು ಬೆರಳಿಗೊಂದು ಸಾಲು. ಸವೆದು ತೆಳುವಾದ ಕಡೆ ಬೆರಳಿಗೊಂದು. ಹೊಲಿಗೆ ಒತ್ತಾಗಿದ್ದರೆ ಸವೆದ ಸೀರೆಯನ್ನು ಕೆಳಗಿನ ದೋತರ ಹಿಡಿದುಕೊಳ್ಳುತ್ತದೆ. ಅಜ್ಜಿಯ ಕಣ್ಣು ಮಂಜಾಗಿವೆ. ಸೂಜಿಗೆ ದಾರ ಪೋಣಿಸುವುದು ಮೊಮ್ಮಕ್ಕಳ ಪಾಲು.

ನೀವೂ ಹಿರಿಯರ ಜೊತೆ ಒಂದು ಪುಟ್ಟ ಕೌದಿ ಮಾಡಿ. ಸೂಜಿ ಹಿಡಿಯುವ ಮೊದಲು ದಾರವನ್ನು ಬಟ್ಟೆಯ ಮೇಲೆ ಸುಮ್ಮನೆ ಹರಡಿ, ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿ. ಬಟ್ಟೆಯ ಅಂದವನ್ನು ದಾರ ಮರೆಮಾಡಿದರೆ ಸಾಲು ಸರಳವಾಗಲಿ. ಬಟ್ಟೆ ಬೋಳು ಎನಿಸಿದರೆ ದಾರದ ಬಣ್ಣ ಗಾಢವಾಗಲಿ. ಮನಸ್ಸಿಗೆ ಒಪ್ಪಿದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಒಂದೊಂದು ತುಂಡೂ ಯಾರು ಉಟ್ಟದ್ದು ಎಂದು ಅಜ್ಜಿಯನ್ನು ಕೇಳಿ. ಯಾವುದರ ಮೇಲೆ ಸೂಜಿ ಆಡಿಸಬಾರದು ಎಂಬುದನ್ನು ಅವರೇ ಹೇಳುತ್ತಾರೆ.