ಕರುಳಿನ ಕೊಬ್ಬಿನ ಗಂಟು: ಹೊಟ್ಟೆನೋವಿಗೆ ಇದೂ ಒಂದು ಕಾರಣ



ಹೊಟ್ಟೆನೋವು ಅಂದ ಕೂಡಲೇ ನಮ್ಮ ಬಾಯಿಗೆ ಬರುವ ಮಾತು ‘ಗ್ಯಾಸ್ಟ್ರಿಕ್’, ಇಲ್ಲವೇ ‘ಬಟ್ಟಿ ಬಿದ್ದಿದೆ’. ಓಮದ ನೀರು ಕುಡಿದು, ಮೆಡಿಕಲ್ ಶಾಪಿನ ಒಂದು ಮಾತ್ರೆ ನುಂಗಿ ಕೂಲಿಗೆ ಹೋಗುತ್ತೇವೆ. ಹೆಚ್ಚಿನ ಸಲ ನೋವು ಇಳಿಯುತ್ತದೆ ಅನ್ನಿ. ಆದರೆ ತಿಂಗಳುಗಟ್ಟಲೆ ಬಂದು ಬಂದು ಹೋಗುವ ನೋವಿಗೆ ಕಾರಣ ಬೇರೆಯೇ ಇರಬಹುದು. ಅವುಗಳಲ್ಲಿ ಅಪರೂಪದ್ದೊಂದು ಕರುಳಿನಲ್ಲಿ ಬೆಳೆಯುವ ಕೊಬ್ಬಿನ ಗಂಟು. ಡಾಕ್ಟರರು ‘ಲೈಪೋಮಾ’ ಅನ್ನುತ್ತಾರೆ.

ಕೆಲವರ ತೋಳಿನಲ್ಲಿ, ಬೆನ್ನಿನಲ್ಲಿ ಚರ್ಮದಡಿ ಮೆತ್ತಗೆ ಜಾರುವ ಗಂಟು ನೋಡಿದ್ದೀರಲ್ಲ, ಅದೇ ಜಾತಿಯದ್ದು. ಕರುಳಿನಲ್ಲಾದರೆ ಸಾಮಾನ್ಯವಾಗಿ ಒಳಪದರದ ಕೆಳಗಿರುತ್ತದೆ. ದೊಡ್ಡ ಕರುಳಿನ ಬಲಭಾಗದಲ್ಲಿ, 50 ದಾಟಿದವರಲ್ಲಿ ಕಾಣುವುದು ಹೆಚ್ಚು. ಇದು ಕ್ಯಾನ್ಸರ್ ಅಲ್ಲ. ತುಪ್ಪ ತಿಂದದ್ದೇ ಗಂಟಾಯಿತು ಎಂಬುದಕ್ಕೂ ಆಧಾರವಿಲ್ಲ.

2 ಸೆಂಟಿಮೀಟರ್‌ಗಿಂತ ಚಿಕ್ಕ ಗಂಟು ಹೆಚ್ಚಾಗಿ ಯಾವ ತೊಂದರೆಯನ್ನೂ ಕೊಡುವುದಿಲ್ಲ. ದೊಡ್ಡದಾದಾಗ ಫಜೀತಿ. ಕರುಳು ಆಹಾರವನ್ನು ಮುಂದೆ ತಳ್ಳುವಾಗ ಗಂಟನ್ನೂ ತಳ್ಳುತ್ತದೆ. ಗಂಟಿನ ಜೊತೆ ಕರುಳಿನ ಗೋಡೆಯೂ ಎಳೆದುಕೊಂಡು ಹೋಗುತ್ತದೆ. ರವಿಕೆಯ ತೋಳು ಒಳಮಗುಚಿದ ಹಾಗೆ ಕರುಳು ಕರುಳೊಳಗೆ ಸೇರಿಕೊಳ್ಳುತ್ತದೆ. ಆಗ ಹಿಂಡಿದಂಥ ನೋವು, ವಾಂತಿ. ಕೆಲವೊಮ್ಮೆ ತಾನಾಗಿಯೇ ಬಿಡಿಸಿಕೊಳ್ಳುತ್ತದೆ, ನೋವು ಮಾಯ! ಆಸ್ಪತ್ರೆಗೆ ಹೋಗುವಷ್ಟರಲ್ಲಿ ಏನೂ ಇರುವುದಿಲ್ಲ. ಇಂಥ ಹೆಂಗಸಿಗೆ ‘ಕೆಲಸಗಳ್ಳಿ’ ಎಂಬ ಹೆಸರು ಬರುವುದೂ ಉಂಟು, ಇದು ಅನ್ಯಾಯ.

ಬಿಡಿಸಿಕೊಳ್ಳದಿದ್ದರೆ ರಕ್ತ ಓಡಾಟ ನಿಂತು ಕರುಳು ಕೊಳೆಯಬಹುದು. ಬಿಡದ ನೋವು, ಹೊಟ್ಟೆ ಉಬ್ಬರ, ವಾಂತಿ, ಗಾಳಿಯೂ ಹೋಗದಿರುವುದು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಎಂದು ನಾವೇ ತೀರ್ಮಾನಿಸಬಾರದು. ಕ್ಯಾನ್ಸರ್‌ನಲ್ಲೂ ಹೀಗೇ ಆಗುವುದರಿಂದ ಪರೀಕ್ಷೆ ಬೇಕೇ ಬೇಕು.

ಸಿ.ಟಿ. ಸ್ಕ್ಯಾನ್‌ನಲ್ಲಿ ಕೊಬ್ಬು ಬೇರೆಯಾಗಿಯೇ ಕಾಣುತ್ತದೆ. ಕೊಲೊನೋಸ್ಕೋಪಿ ಅಂದರೆ ಗುದದ್ವಾರದಿಂದ ಕ್ಯಾಮೆರಾ ಇರುವ ಕೊಳವೆ ಹಾಕಿ ನೋಡುವುದು. ಹಳದಿ ಗಂಟನ್ನು ಒತ್ತಿದರೆ ದಿಂಬಿನಂತೆ ತಗ್ಗಿ ಮತ್ತೆ ಉಬ್ಬುತ್ತದೆ. ನಾಚಿಕೆಯಿಂದ ಈ ಪರೀಕ್ಷೆ ಬೇಡ ಅನ್ನುವವರೇ ಜಾಸ್ತಿ, ಜೊತೆಗೊಬ್ಬ ಸದಸ್ಯೆ ಹೋದರೆ ಧೈರ್ಯ ಬರುತ್ತದೆ. ತೊಂದರೆ ಕೊಡದ ಗಂಟನ್ನು ಹಾಗೇ ಬಿಡುತ್ತಾರೆ. ಕೆಲವನ್ನು ಕೊಳವೆಯ ಮೂಲಕವೇ ತೆಗೆಯುತ್ತಾರೆ, ದೊಡ್ಡದಕ್ಕೆ ಆಪರೇಷನ್.

ಆಪರೇಷನ್ ಎಂದ ತಕ್ಷಣ ಸಂಘದಲ್ಲಿ ಸಾಲಕ್ಕೆ ಅರ್ಜಿ ಬರೆಯಬೇಡಿ. ಬಿ.ಪಿ.ಎಲ್. ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಗೆ ಅವಕಾಶವಿದೆ. ರೇಷನ್ ಕಾರ್ಡ್, ಆಧಾರ್ ಹಿಡಿದು ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ವಿಚಾರಿಸಿ. ತೆಗೆದ ಗಂಟನ್ನು ಲ್ಯಾಬಿಗೆ ಕಳಿಸುತ್ತಾರೆ. ಆ ರಿಪೋರ್ಟ್ ಕೇಳಿ ಪಡೆದು ಮನೆಯಲ್ಲಿ ಜೋಪಾನವಾಗಿಡಿ.