ಕಡಲೆಕಾಳಿನಷ್ಟು ಕಲ್ಲು, ಮೊಳದುದ್ದ ಸೀಳು!

ಹೊಸಪೇಟೆ: ‘ಟಪ್’ ಅಂತ ಒಂದು ಸದ್ದು. ಅಷ್ಟೇ.

ಮರಿಯಮ್ಮನಹಳ್ಳಿ ದಾಟಿ ಕೂಡ್ಲಿಗಿ ಕಡೆಗೆ ಹೊರಟಿದ್ದ ಬಾಡಿಗೆ ಕಾರಿನ ಚಾಲಕ ಒಮ್ಮೆ ಬೆಚ್ಚಿದ. ಮುಂದೆ ಜಲ್ಲಿ ತುಂಬಿದ ಟಿಪ್ಪರೊಂದು ಕುಲುಕುತ್ತ ಹೋಗುತ್ತಿತ್ತು. ಅದಕ್ಕೆ ತಾಡಪಾಲು ಇರಲಿಲ್ಲವೆಂದಲ್ಲ. ಇತ್ತು, ಅಚ್ಚುಕಟ್ಟಾಗಿ ಸುತ್ತಿ ಕ್ಯಾಬಿನ್ ಮೇಲೆ ಕಟ್ಟಿಟ್ಟಿತ್ತು! ಕಾರು ನಿಲ್ಲಿಸಿ ನೋಡಿದರೆ ಮುಂದಿನ ಗಾಜಿನಲ್ಲಿ ಕಡಲೆಕಾಳಿನಷ್ಟು ಒಂದು ಗುರುತು. ಹೆಬ್ಬೆರಳಲ್ಲಿ ಒರೆಸಿ, ‘ಏನಾಗ್ತದ ಬಿಡು’ ಎಂದುಕೊಂಡು ಆತ ಮತ್ತೆ ಗೇರ್ ಹಾಕಿದ.

ಏನಾಯಿತೆಂಬುದು ಮೂರನೇ ದಿನ ಹಂಪಿಯಲ್ಲಿ ಗೊತ್ತಾಯಿತು. ಮಟಮಟ ಮಧ್ಯಾಹ್ನ, ಬಂಡೆಗಳ ನಡುವೆ ಕಾರು ಎರಡು ತಾಸು ಬಿಸಿಲಲ್ಲಿ ನಿಂತಿತ್ತು. ಗುಡಿ ನೋಡಿ ಬಂದ ಪ್ರವಾಸಿಗಳು ಬೆವರು ಒರೆಸುತ್ತ ಎ.ಸಿ. ಹಾಕಲು ಹೇಳಿದರು. ಚಾಲಕ ಪೂರ್ತಿ ತಿರುಗಿಸಿದ. ‘ಯಾರೋ ಗೆರಿ ಎಳದಂಗ ಸೀಳ್ಕೊಂತ ಹೋತು ನೋಡ್ರಿ, ನಾ ಮುಟ್ಟೇ ಇಲ್ಲ’ ಎಂದು ಆತ ಇಂದಿಗೂ ಅಚ್ಚರಿಪಡುತ್ತಾನೆ. ಗುರುತಿನಿಂದ ಗಾಜಿನ ಅಂಚಿನವರೆಗೆ ಮೊಳದುದ್ದ ಬಿರುಕು. ನೂರರ ಲೆಕ್ಕದಲ್ಲಿ ಮುಗಿಯಬೇಕಿದ್ದ ಕೆಲಸ ಸಾವಿರದ ಲೆಕ್ಕಕ್ಕೆ ಬಂತು. ಎರಡು ದಿನದ ಬಾಡಿಗೆಯೂ ಹೋಯಿತು.

ಮುಟ್ಟದೇ ಸೀಳಿದ್ದು ಹೇಗೆ? ಮುಂದಿನ ಗಾಜು ಒಂದು ಗಾಜಲ್ಲ, ಎರಡು. ನಡುವೆ ಸುಮಾರು ಮುಕ್ಕಾಲು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಹಾಳೆ ಇಟ್ಟು, ಬಿಸಿ ಮಾಡಿ ಒತ್ತಿ ಅಂಟಿಸಿರುತ್ತಾರೆ. ಲ್ಯಾಮಿನೇಟೆಡ್ ಗಾಜು ಎನ್ನುವುದು ಇದಕ್ಕೇ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಎಡ್ವರ್ಡ್ ಬೆನೆಡಿಕ್ಟಸ್ ಎಂಬಾತನಿಗೆ 1903ರಲ್ಲಿ ಕೈಜಾರಿ ಬಿದ್ದ ಸೀಸೆಯೊಂದು ಇದರ ದಾರಿ ತೋರಿಸಿತಂತೆ. ಸೀಸೆಯೊಳಗೆ ಒಣಗಿ ಅಂಟಿದ್ದ ರಾಸಾಯನಿಕದ ಪೊರೆ ಒಡೆದ ಚೂರುಗಳನ್ನು ಚೆಲ್ಲಲು ಬಿಡದೆ ಹಿಡಿದುಕೊಂಡಿತ್ತು. ಆತ 1909ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಇಂದು ಕಲ್ಲು ಬಡಿದರೆ ಚೂರು ಕಣ್ಣಿಗೆ ಬೀಳದಿರುವುದು ಆ ಹಾಳೆಯ ಪುಣ್ಯ.

ಪಕ್ಕದ ಕಿಟಕಿಯ ಗಾಜು ಸಾಮಾನ್ಯವಾಗಿ ಬೇರೆ ಜಾತಿ. ಅದು ಟಫನ್ಡ್ ಗಾಜು. ಒಡೆದರೆ ಇಡೀ ಗಾಜು ಕಲ್ಲುಸಕ್ಕರೆಯಂತೆ ಉದುರುತ್ತದೆ. ಹಿಂದೆ ಎಷ್ಟೋ ಲಾರಿ, ಬಸ್ಸುಗಳ ಮುಂದಿನ ಗಾಜೂ ಇದೇ ಇತ್ತು. ಒಂದು ಕಲ್ಲು ಬಿದ್ದರೆ ಇಡೀ ಗಾಜು ಹಾಲು ಚೆಲ್ಲಿದಂತೆ ಬೆಳ್ಳಗಾಗಿ, ಎದುರಿನ ರಸ್ತೆಯೇ ಮಾಯ! ಮುಷ್ಟಿಯಿಂದ ಗುದ್ದಿ ತೂತು ಮಾಡಿ ಗಾಡಿ ನಿಲ್ಲಿಸಿದ ಕಥೆ ಹೇಳುವ ಹಳೇ ಚಾಲಕರು ಇನ್ನೂ ಇದ್ದಾರೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮ ಮುಂದಿನ ಗಾಜಿಗೆ ಲ್ಯಾಮಿನೇಟೆಡ್ ಗಾಜನ್ನು ಕಡ್ಡಾಯ ಮಾಡಿದ ಮೇಲೆ ಆ ಗಂಡಾಂತರ ತಪ್ಪಿತು.

ಆದರೆ ಲ್ಯಾಮಿನೇಟೆಡ್ ಗಾಜಿಗೂ ಒಂದು ಕಾಟವಿದೆ. ಹೊರಗಿನ ಪದರಕ್ಕೆ ಒಮ್ಮೆ ಪೆಟ್ಟು ಬಿತ್ತೆಂದರೆ, ಆ ಜಾಗದಲ್ಲಿ ಗಾಜಿನ ಸೆಳೆತವೆಲ್ಲ ಸೂಜಿಮೊನೆಯಂಥ ತುದಿಗೆ ಬಂದು ಕೂರುತ್ತದೆ. ಬಿಸಿಲಿಗೆ ಗಾಜು ಹಿಗ್ಗುತ್ತದೆ, ಎ.ಸಿ. ಗಾಳಿಗೆ ಒಳಪದರ ಕುಗ್ಗುತ್ತದೆ. ಕಾದ ಗಾಜಿನ ಮೇಲೆ ತಣ್ಣೀರು ಎರಚಿದರೂ ಅದೇ ಕಥೆ. ಹಂಪು ಹಾರಿಸಿದಾಗ, ಕಿಟಕಿಗಳನ್ನೆಲ್ಲ ಏರಿಸಿ ಬಾಗಿಲನ್ನು ದಡಾರನೆ ಬಡಿದಾಗ ಬರುವ ಅದುರೂ ಸಾಕು. ಬೇಸಿಗೆಯಲ್ಲಿ ಸುಡುವ ಬಳ್ಳಾರಿ ಸೀಮೆಯಲ್ಲಿ ಕಡಲೆಕಾಳು ಮೊಳವಾಗಲು ಹೆಚ್ಚು ದಿನ ಬೇಕಿಲ್ಲ.

ಕಲ್ಲೆಲ್ಲ ಮೇಲಿಂದಲೇ ಬೀಳುತ್ತದೆ ಎಂದು ತಿಳಿಯಬೇಡಿ. ಲಾರಿಯ ಹಿಂದಿನ ಜೋಡಿ ಟೈರಿನ ಸಂದಿಯಲ್ಲಿ, ಟೈರಿನ ಗೀರಿನಲ್ಲಿ ಸಿಕ್ಕ ಕಲ್ಲು ಕವಣೆಯಿಂದ ಬಿಟ್ಟ ಹಾಗೆ ಹಾರುತ್ತದೆ. ಹೊಸದಾಗಿ ಡಾಂಬರು ಬಳಿದು ಸಣ್ಣ ಜಲ್ಲಿ ಚೆಲ್ಲಿದ ರಸ್ತೆಯಲ್ಲಂತೂ ಕೇಳುವುದೇ ಬೇಡ. ಇಲ್ಲಿ ವೇಗದ ಲೆಕ್ಕ ಒಂದಿದೆ. ವೇಗ ಎರಡು ಪಟ್ಟಾದರೆ ಪೆಟ್ಟಿನ ಶಕ್ತಿ ನಾಲ್ಕು ಪಟ್ಟು. 40ರಲ್ಲಿ ತಾಗಿ ಜಾರಿ ಹೋಗುವ ಕಲ್ಲು 80ರಲ್ಲಿ ಗುರುತು ಮಾಡಿಯೇ ಹೋಗುತ್ತದೆ. 80ರಲ್ಲಿ ಓಡುವ ಕಾರು ಸೆಕೆಂಡಿಗೆ 22 ಮೀಟರ್ ಮುಂದೆ ಹೋಗುತ್ತದೆ. ಮೂರು ಸೆಕೆಂಡಿನ ಅಂತರ ಇಡಬೇಕಾದರೆ ಟಿಪ್ಪರಿನ ಹಿಂದೆ ಇನ್ನೂರು ಅಡಿಗೂ ಹೆಚ್ಚು ಜಾಗ ಬೇಕು. ನಮ್ಮ ರಸ್ತೆಯಲ್ಲಿ ಅಷ್ಟು ಜಾಗ ಬಿಟ್ಟರೆ ನಡುವೆ ಇನ್ನೆರಡು ಗಾಡಿ ನುಗ್ಗುತ್ತವೆ ಎಂಬುದೂ ಸುಳ್ಳಲ್ಲ!

ಪೆಟ್ಟು ಬಿದ್ದ ಮೇಲೆ ಮಾಡಬೇಕಾದ್ದೇನು? ಊರಿನ ಗಾಜಿನ ಅಂಗಡಿಯೊಂದರ ಹಿರಿಯ ಕೆಲಸಗಾರನ ಉತ್ತರ ಚುಟುಕು: ‘ಅವತ್ತೇ ಬರ್ರಿ. ಬರಾಕ ಆಗದಿದ್ರ ಮ್ಯಾಲೊಂದು ಟೇಪ್ ಹಚ್ರಿ.’ ಪಾರದರ್ಶಕ ಟೇಪು ಎರಡು ರೂಪಾಯಿಯಷ್ಟು ಸಾಕು. ಗುರುತಿನೊಳಗೆ ಧೂಳು, ನೀರು, ಸೋಪಿನ ನೊರೆ ಹೋಗಬಾರದು. ಹೋದರೆ ಆಮೇಲೆ ತುಂಬುವ ಅಂಟು ಹಿಡಿಯುವುದಿಲ್ಲ. ಕೆಲವರು ಜಾಣತನ ಮಾಡಿ ಫೆವಿಕ್ವಿಕ್ ತೊಟ್ಟಿಕ್ಕಿಸಿ ಬರುತ್ತಾರೆ. ಮನೆಯಾಕೆಯ ಉಗುರು ಬಣ್ಣ ಬಳಿದು ಬಂದವರೂ ಉಂಟು. ‘ಅಂಥವ್ರಿಗೆ ಹೊಸಾ ಗಾಜೇ ಗತಿ’ ಎನ್ನುತ್ತಾನೆ ಆ ಕೆಲಸಗಾರ. ತೂತಿನ ಬಾಯಿ ಮುಚ್ಚಿಹೋದರೆ ಒಳಗಿನ ಸಣ್ಣ ಸೀಳುಗಳಿಗೆ ನಿಜವಾದ ಅಂಟು ಇಳಿಯಲು ದಾರಿ ಎಲ್ಲಿ?

ರಿಪೇರಿ ನೋಡಲು ಸೊಗಸು. ಗುರುತಿನ ಮೇಲೆ ರಬ್ಬರ್ ಬಟ್ಟಲಿನ ಕಾಲುಗಳುಳ್ಳ ಪುಟ್ಟ ಸಲಕರಣೆ ಕೂರಿಸುತ್ತಾರೆ. ಒಳಗಿನ ಗಾಳಿ ಎಳೆದು, ನೀರಿನಂಥ ತೆಳು ರಾಳವನ್ನು ಒತ್ತಿ ತುಂಬುತ್ತಾರೆ. ನೇರಳಾತೀತ ದೀಪ ಹಿಡಿದರೆ ರಾಳ ಗಟ್ಟಿಯಾಗುತ್ತದೆ. ಮೇಲೆ ಬ್ಲೇಡಿನಿಂದ ಹೆರೆದು ನಯ ಮಾಡಿದರೆ ಮುಗಿಯಿತು. ಅರ್ಧ ಮುಕ್ಕಾಲು ಗಂಟೆಯ ಕೆಲಸ. ಬಿರುಕು ಅಲ್ಲಿಗೆ ನಿಲ್ಲುತ್ತದೆ. ಆದರೆ ಗುರುತು ಪೂರ್ತಿ ಮಾಯವಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಮಸುಕಾದ ಚುಕ್ಕೆಯೊಂದು ಉಳಿದೇ ಉಳಿಯುತ್ತದೆ.

ಆದ್ದರಿಂದಲೇ ಚಾಲಕನ ಕಣ್ಣಿನ ನೇರಕ್ಕೆ ಬಿದ್ದ ಪೆಟ್ಟನ್ನು ಒಳ್ಳೆಯ ಕೆಲಸಗಾರ ರಿಪೇರಿ ಮಾಡಲು ಒಪ್ಪುವುದಿಲ್ಲ. ಐದು ರೂಪಾಯಿ ನಾಣ್ಯ ಮುಚ್ಚುವಷ್ಟು ಗುರುತಾದರೆ ಸರಿ, ಗೇಣುದ್ದದ ಸೀಳಾದರೆ ಅನುಮಾನ, ಸೀಳು ಅಂಚು ಮುಟ್ಟಿದ್ದರೆ ಗಾಜು ಬದಲಿಸಲೇಬೇಕು. ಒಳಗಿನಿಂದ ಉಗುರು ಆಡಿಸಿದಾಗ ತರಿ ಸಿಕ್ಕರೆ ಎರಡೂ ಪದರ ಹೋಗಿವೆ ಎಂದರ್ಥ.

ಬಸ್ಸಿನಲ್ಲಿ ಓಡಾಡುವವರು ‘ನಮಗೇಕೆ ಈ ಪುರಾಣ’ ಎನ್ನಬಹುದು. ಮುಂದಿನ ಸೀಟಿನಲ್ಲಿ ಕೂತಾಗ ಒಮ್ಮೆ ತಲೆಯೆತ್ತಿ ನೋಡಿ. ಸೀಳಿನ ಮೇಲೆ ದೇವರ ಸ್ಟಿಕ್ಕರ್ ಅಂಟಿಸಿ ಭಾರವನ್ನೆಲ್ಲ ಅವನ ಮೇಲೇ ಹಾಕಿದ ಬಸ್ಸುಗಳು ಅಪರೂಪವಲ್ಲ. ಹಗಲಲ್ಲಿ ಆ ಗೆರೆ ಅಷ್ಟಾಗಿ ಕಾಡುವುದಿಲ್ಲ. ರಾತ್ರಿ ಎದುರಿನ ಲಾರಿಯ ಹೆಡ್‌ಲೈಟ್ ಬಿದ್ದಾಗ ಸೀಳಿನುದ್ದಕ್ಕೂ ಬೆಳಕು ಚೆದುರಿ ಚಾಲಕನ ಕಣ್ಣು ಕೋರೈಸುತ್ತದೆ. ರಸ್ತೆಯಂಚಿನ ಎತ್ತಿನಗಾಡಿ, ಸೈಕಲ್ಲು, ಕತ್ತಲಲ್ಲಿ ನಡೆದು ಬರುವ ಕೂಲಿಯವರು ಆ ಬೆಳಕಿನಲ್ಲಿ ಕರಗಿಹೋಗುತ್ತಾರೆ. ‘ಮಾಲಕರಿಗೆ ಹೇಳಿದ್ರ ನಿನ್ನ ಪಗಾರದಾಗ ಮುರೀಲೇನು ಅಂತಾರ. ಅದಕ್ಕ ಸುಮ್ನ ಓಡಸ್ತೀವಿ’ ಎಂದ ಖಾಸಗಿ ಬಸ್ ಚಾಲಕನೊಬ್ಬನ ಮಾತಿನಲ್ಲಿ ಸಿಟ್ಟೂ ಇರಲಿಲ್ಲ, ರೂಢಿಯಾಗಿಬಿಟ್ಟಿತ್ತು.

ವಿಮೆ ಇದೆಯಲ್ಲ ಎನ್ನುವ ವ್ಯಾಪಾರಿಗಳು ಲೆಕ್ಕ ಹಾಕಿ ಮುಂದಡಿ ಇಡುವುದು ಲೇಸು. ಬರೀ ಥರ್ಡ್ ಪಾರ್ಟಿ ವಿಮೆಯಲ್ಲಿ ಗಾಜಿಗೆ ಚಿಕ್ಕಾಸೂ ಇಲ್ಲ. ಸಮಗ್ರ ವಿಮೆಯಲ್ಲಿ ಉಂಟು. ಗಾಜಿಗೆ ಸವಕಳಿ ಕಡಿತವೂ ಇಲ್ಲ. ಆದರೆ 1500 ಸಿ.ಸಿ. ಮೀರದ ಕಾರಿಗೆ ಮೊದಲ 1000 ರೂ., ಮೀರಿದ್ದಕ್ಕೆ 2000 ರೂ. ಮಾಲೀಕನ ತಲೆಗೇ. ಅದರ ಮೇಲೆ ನೋ ಕ್ಲೇಮ್ ಬೋನಸ್ಸಿನ ಪೆಟ್ಟು. ಸ್ವಂತ ಹಾನಿಯ ಪ್ರೀಮಿಯಂ 8000 ರೂ., ಗಾಜು 5000 ರೂ. ಎಂದಿಟ್ಟುಕೊಳ್ಳಿ. ಕೈಗೆ ಬರುವುದು 4000. ಈಗ ಶೇ. 35 ಬೋನಸ್ ಇರುವವನಿಗೆ ಮುಂದಿನ ವರ್ಷ ಸಿಗಬೇಕಿದ್ದ ಶೇ. 45, ಅಂದರೆ 3600 ರೂ. ಹೋಯಿತು. ಅದರ ಮರುವರ್ಷ ಶೇ. 50ರ ಬದಲು ಶೇ. 20. ಅಲ್ಲಿ ಮತ್ತೆ 2400 ಖೋತಾ. ಯಾರು ಯಾರಿಗೆ ವಿಮೆ ಕೊಟ್ಟಂತಾಯಿತು? ಗಾಜಿನ ರಿಪೇರಿಗೆ ಬೋನಸ್ ಮುಟ್ಟದ ಪಾಲಿಸಿಗಳೂ ಇವೆ, ಸಣ್ಣ ಅಕ್ಷರದ ಪುಟ ಓದಬೇಕು.

ಬದಲಿಸುವುದೇ ಆದರೆ ಗಾಜಿನ ಮೂಲೆಯಲ್ಲಿ ಐ.ಎಸ್. 2553 ಎಂಬ ಗುರುತು ಇದೆಯೇ ನೋಡಿ. ಈಗಿನ ಕಾರುಗಳಲ್ಲಿ ಗಾಜನ್ನು ಚೌಕಟ್ಟಿಗೆ ಅಂಟಿನಿಂದಲೇ ಕೂರಿಸುತ್ತಾರೆ. ಅಂಟು ಗಟ್ಟಿಯಾಗುವವರೆಗೆ, ಕೆಲಸಗಾರ ಹೇಳಿದಷ್ಟು ಹೊತ್ತು, ಗಾಡಿ ಕದಲಿಸಬಾರದು. ಅಪಘಾತದಲ್ಲಿ ಪಕ್ಕದ ಸೀಟಿನ ಏರ್‌ಬ್ಯಾಗು ಉಬ್ಬಿ ಆನಿಕೊಳ್ಳುವುದು ಈ ಗಾಜಿಗೇ. ಹಸಿ ಅಂಟಾದರೆ ಗಾಜೇ ಕಿತ್ತು ಹೋಗಬಹುದು. ಗಾಜಿನ ಹಿಂದೆ ಕ್ಯಾಮೆರಾ ಇರುವ ಹೊಸ ಕಾರಾದರೆ ಅದನ್ನು ಮತ್ತೆ ಹೊಂದಿಸುವ ಖರ್ಚು ಬೇರೆ.

ಇಷ್ಟೆಲ್ಲ ಖರ್ಚು ಕಲ್ಲು ತಿಂದವನದು. ಕಲ್ಲು ಚೆಲ್ಲಿದವನದು? 2019ರ ತಿದ್ದುಪಡಿಯಲ್ಲಿ ಮಿತಿ ಮೀರಿದ ಹೇರಿಗೆ 20,000 ರೂ., ಹೆಚ್ಚುವರಿ ಟನ್ನಿಗೆ ತಲಾ 2000 ರೂ. ದಂಡವಿದೆ. ದಂಡ ಸರ್ಕಾರಕ್ಕೆ ಹೋಗುತ್ತದೆ, ಗಾಜಿನವನಿಗೆ ಬರುವುದಿಲ್ಲ. ಅವನು ಕೇಳಹೊರಟರೆ ಇದೇ ಟಿಪ್ಪರಿನ ಕಲ್ಲು ಎಂದು ತೋರಿಸಬೇಕು. ಹಿಂದಿನ ನಂಬರ್ ಪ್ಲೇಟಿಗೆ ಕೆಮ್ಮಣ್ಣು ಮೆತ್ತಿದ್ದರೆ ಯಾವ ನಂಬರ್ ಬರೆದುಕೊಳ್ಳುವುದು?

ಆ ಬಾಡಿಗೆ ಕಾರಿನ ಚಾಲಕ ಹೊಸ ಗಾಜು ಹಾಕಿಸಿದ್ದಾನೆ. ಡ್ಯಾಶ್‌ಬೋರ್ಡಿನಲ್ಲಿ ಒಂದು ಟೇಪಿನ ಉರುಳೆ ಬಂದು ಕೂತಿದೆ. ಟಿಪ್ಪರ್ ಕಂಡರೆ ಹಿಂದಕ್ಕೆ ಸರಿಯುತ್ತಾನೆ. ‘ಹಿಂದಿನವ್ರು ಹಾರ್ನ್ ಹೊಡೀತಾರ್ರಿ. ಹೊಡೀಲಿ. ಅವ್ರೇನು ನಂಗ ಗಾಜ ಹಾಕಿಸ್ತಾರೇನು?’ ಎನ್ನುತ್ತಿದ್ದಂತೆಯೇ ಎದುರಿನ ರಸ್ತೆಯಲ್ಲಿ ಜಲ್ಲಿಯ ಟಿಪ್ಪರೊಂದು ಹಾದುಹೋಯಿತು. ತಾಡಪಾಲು ಕ್ಯಾಬಿನ್ ಮೇಲೇ ಇತ್ತು.