ಗಲ್ಲಾದ ಮೇಲಿನ ಕ್ಯಾಮೆರಾ: ಹಾಕುವ ಮೊದಲು, ಹಾಕಿದ ಮೇಲೆ



ಇಂದು ನಮ್ಮವರ ಯಾವ ಹೋಟೆಲಿಗೆ ಹೋದರೂ ದೇವರ ಫೋಟೋದ ಪಕ್ಕದಲ್ಲಿ ಒಂದು ಕ್ಯಾಮೆರಾ ಇದ್ದೇ ಇರುತ್ತದೆ. ದೇವರ ಫೋಟೋಕ್ಕೆ ದಿನಾ ಹೂ ಹಾಕಿ ಊದುಬತ್ತಿ ಹಚ್ಚುತ್ತೇವೆ. ಕ್ಯಾಮೆರಾವನ್ನು ಮಾತ್ರ ಹಾಕಿಸಿದ ದಿನ ನೋಡಿದ್ದೇ ಕೊನೆ. ಕಳೆದ ಸಭೆಯಲ್ಲಿ ಚಹಾ ಕುಡಿಯುವಾಗ ಈ ಮಾತು ಬಂದು, "ಇದನ್ನೇ ಬರೆದುಕೊಡಿ" ಎಂದು ಸಂಪಾದಕರು ಬೆನ್ನು ಹತ್ತಿದರು. ನಾವು ಎಸ್ಸೆಸ್ಸೆಲ್ಸಿ ಮುಗಿಸಿ ಮುಂಬಯಿ ಬಸ್ಸು ಹತ್ತಿದವರು, ಇಂಜಿನಿಯರರಲ್ಲ. ಆದರೆ ಈ ವಿಷಯದಲ್ಲಿ ಪೆಟ್ಟು ತಿಂದು ಕಲಿತದ್ದು ಸ್ವಲ್ಪ ಇದೆ.

ನಮ್ಮ ಹೋಟೆಲಿಗೆ ಕ್ಯಾಮೆರಾ ಬಂದದ್ದು 2011ರಲ್ಲಿ. 2008ರ ನವೆಂಬರ್ 26ರ ದಾಳಿಯ ನಂತರ ಮುಂಬಯಿಯಲ್ಲಿ ಎಲ್ಲರಿಗೂ ಹೆದರಿಕೆ ಹುಟ್ಟಿತ್ತು. 2010ರ ಫೆಬ್ರವರಿ 13ರಂದು ಪುಣೆಯ ಜರ್ಮನ್ ಬೇಕರಿಯಲ್ಲಿ ಸ್ಫೋಟವಾದಾಗ ಪೊಲೀಸರು ಬೇಕರಿಯ ಕ್ಯಾಮೆರಾದ ಚಿತ್ರವನ್ನೂ ಹುಡುಕಿದರು. ಆಮೇಲೆ ನಮ್ಮ ಬೀದಿಯಲ್ಲಿ ಒಬ್ಬರು ಹಾಕಿದರು ಎಂದು ಇನ್ನೊಬ್ಬರು, ಅವರು ಹಾಕಿದರು ಎಂದು ನಾವು. ನಾಲ್ಕು ಕ್ಯಾಮೆರಾ, ಒಂದು ಡಿವಿಆರ್ ಪೆಟ್ಟಿಗೆ, 500 ಜಿಬಿ ಡಿಸ್ಕ್. ಮಾಳಿಗೆಯಲ್ಲಿ ಒಂದು ಹಳೆಯ ಟಿವಿಗೆ ಜೋಡಿಸಿ, ಟಿವಿ ಆರಿಸಿ ಇಟ್ಟೆವು. ಎಂಟು ವರ್ಷ ಹಾಗೇ ಇತ್ತು.

2019ರಲ್ಲಿ ಒಂದು ಮದುವೆ ಆರ್ಡರಿನ ಪಾರ್ಟಿ ಮುಂಗಡ 45,000 ರೂಪಾಯಿ ಕವರಿನಲ್ಲಿ ತಂದುಕೊಟ್ಟರು. ಸಂಜೆ 4 ಗಂಟೆ. ನಮ್ಮ ತಮ್ಮ ರಸೀದಿ ಬರೆದು, ಕವರನ್ನು ಗಲ್ಲಾದ ಕೆಳಗಿನ ಡ್ರಾಯರಿನಲ್ಲಿ ಇಟ್ಟು, 4.10ಕ್ಕೆ ಅವರ ಜೊತೆ ಹಾಲ್ ನೋಡಲು ಹೋದ. ಗಲ್ಲಾದಲ್ಲಿ ಅಕ್ಕನ ಮಗ ಕುಳಿತಿದ್ದ. ರಾತ್ರಿ ಏಳೂವರೆಗೆ ನೋಡಿದರೆ ಕವರಿಲ್ಲ.

ಮಾಳಿಗೆಗೆ ಹೋಗಿ ಟಿವಿ ಹಾಕಿ, ತಮ್ಮ ಹೊರಟ 4.10ರಿಂದ ಓಡಿಸಿ ನೋಡಿದೆವು. 4.35ಕ್ಕೆ ಅಳಿಯ ಎದ್ದು ಒಳಗೆ ಹೋಗುತ್ತಾನೆ. ನಮ್ಮ ಊರಿನ ಕಡೆಯ ಹುಡುಗ, ಟೇಬಲ್ ಸಪ್ಲೈಗಿದ್ದವನು, ಬಗ್ಗಿ ಕೆಳಗಿನ ಡ್ರಾಯರ್ ಎಳೆದು ಏನೋ ತೆಗೆದು ಕಿಸೆಗೆ ಹಾಕುತ್ತಾನೆ. ಕ್ಯಾಮೆರಾ ಮಾಡಿಗೆ ಅಂಟಿಕೊಂಡಿದ್ದರಿಂದ ಕಾಣುವುದು ತಲೆ ಮತ್ತು ಬೆನ್ನು. ಕೈಯಲ್ಲಿ ಏನಿದೆ ಎಂದು ಕಾಣುವುದಿಲ್ಲ. ನಮಗೆ ಅಷ್ಟೇ ಸಾಕಾಯಿತು.

ಅವನನ್ನು ಕರೆದು ಕೇಳಿದೆವು. "ಅದು ಬಿಲ್ಲಿನ ರೋಲ್, ಪಾರ್ಸೆಲ್ ಕೌಂಟರಿನ ಮೆಶಿನ್ನಿಗೆ. ಅಣ್ಣ ಮಲಗಿ ಏಳುವ ಮೊದಲೇ ತೆಗೆದದ್ದು" ಎಂದ. ತಮ್ಮ ಮಧ್ಯಾಹ್ನ ಮಲಗಿ ಏಳುವುದು ಮೂರೂವರೆಗೆ. ನಾವು ಟಿವಿಯಲ್ಲಿದ್ದ ಅಂಕಿ ತೋರಿಸಿ, "4.35 ಎಂದು ಬರೆದದೆ, ಮೆಶಿನ್ ಸುಳ್ಳು ಹೇಳುತ್ತದೆಯೇ?" ಎಂದೆವು. ಅಳಿಯನನ್ನು ಕೇಳಿದರೆ ರೋಲ್ ತರಲು ಹೇಳಿದ್ದು ನೆನಪಿತ್ತು, ಎಷ್ಟು ಹೊತ್ತಿಗೆ ಎಂದು ನೆನಪಿರಲಿಲ್ಲ. ಹುಡುಗ ಮತ್ತೆ ಮಾತಾಡಲಿಲ್ಲ. ರಾತ್ರಿಯೇ ಬಟ್ಟೆ ಕಟ್ಟಿಕೊಂಡು ಹೋದ. ಊರಿನವನೆಂದು ಪೊಲೀಸಿಗೆ ಕೊಡಲಿಲ್ಲ. ಅದೇ ದೊಡ್ಡ ಉಪಕಾರವೆಂದು ತಿಳಿದು ಅವನ ಬಾಕಿ ಸಂಬಳವನ್ನೂ ಹೋದ ಹಣಕ್ಕೆ ಜಮಾ ಹಿಡಿದುಕೊಂಡೆವು.

ಹದಿನಾರು ದಿನದ ಮೇಲೆ, ಇನ್ನೊಂದು ಕ್ಯಾಮೆರಾ ಜೋಡಿಸಲು ಬಂದ ಮೆಕ್ಯಾನಿಕ್ ಟಿವಿ ನೋಡಿ ನಕ್ಕ. "ಸೇಠ್, ನಿಮ್ಮ ಡಿವಿಆರ್ ಮುಂದೆ ಹೋಗಿದೆ" ಎಂದ. ಅವನ ಮೊಬೈಲಿನಲ್ಲಿ 11.05, ನಮ್ಮ ಟಿವಿಯಲ್ಲಿ 12.18. ಎಪ್ಪತ್ತಮೂರು ನಿಮಿಷದ ವ್ಯತ್ಯಾಸ. ಡಿವಿಆರ್ ಒಳಗಿನ ಗಡಿಯಾರ ದಿನಕ್ಕೆ ಒಂದೂವರೆ ಸೆಕೆಂಡು ಮುಂದೆ ಓಡಿದರೂ ಎಂಟು ವರ್ಷದಲ್ಲಿ ಅಷ್ಟಾಗುತ್ತದೆ ಎಂದು ಅವನೇ ಲೆಕ್ಕ ಹಾಕಿ ತೋರಿಸಿದ. ನಾವು 4.35 ಎಂದುಕೊಂಡದ್ದು ನಿಜವಾಗಿ 3.22. ಪಾರ್ಟಿ ಆಗ ನಮ್ಮ ಹೋಟೆಲಿಗೇ ಬಂದಿರಲಿಲ್ಲ. 4 ಗಂಟೆಯಿಂದ ನೋಡಿದ್ದರೂ ಸಾಕಿತ್ತು, ಹಣ ಕೊಡುವ ಪಾರ್ಟಿ ಕಾಣುವುದಿಲ್ಲವಲ್ಲ ಎಂದು ಗೊತ್ತಾಗುತ್ತಿತ್ತು. ಹತ್ತು ನಿಮಿಷ ಹಿಂದಕ್ಕೆ ಹೋಗುವ ತಾಳ್ಮೆ ನಮಗಿರಲಿಲ್ಲ.

ಸರಿಯಾದ ಹೊತ್ತಿನದನ್ನು ನೋಡೋಣವೆಂದರೆ ಡಿಸ್ಕಿನಲ್ಲಿ ಹನ್ನೊಂದು ದಿನದ್ದು ಮಾತ್ರ ಉಳಿಯುತ್ತಿತ್ತು. ಹಳೆಯದರ ಮೇಲೆ ಹೊಸದು ಬರೆದು ಆಗಿತ್ತು. ಆ ಕವರನ್ನು ಯಾರು ತೆಗೆದರು ಎಂದು ಇಂದಿಗೂ ಗೊತ್ತಿಲ್ಲ. ತಮ್ಮ ಬಾಕಿ ಸಂಬಳ ಹಿಡಿದುಕೊಂಡು ಬೈಂದೂರು ಕಡೆಯ ಅವನ ಮನೆಗೆ ಹೋಗಿ ಬಂದ. ಹುಡುಗನ ತಾಯಿ ಹಣ ತೆಗೆದುಕೊಂಡರು, ಕುಳಿತುಕೊಳ್ಳಿ ಎನ್ನಲಿಲ್ಲ. ಅವನು ಈಗ ಪುಣೆಯಲ್ಲಿ ನಮ್ಮವರದೇ ಒಂದು ಹೋಟೆಲಿನಲ್ಲಿ ಕ್ಯಾಪ್ಟನ್ ಆಗಿದ್ದಾನೆಂದು ಕೇಳಿದ್ದೇವೆ. ನಮ್ಮ ಫೋನ್ ಎತ್ತುವುದಿಲ್ಲ.

ಆ ಮೇಲೆ ಎಲ್ಲವನ್ನೂ ತೆಗೆಸಿ ಹೊಸದಾಗಿ ಎಂಟು ಕ್ಯಾಮೆರಾ ಹಾಕಿಸಿದೆವು. ಈ ಸಲ ಮೆಕ್ಯಾನಿಕ್ ಹೇಳಿದ್ದಕ್ಕೆಲ್ಲ ತಲೆ ಆಡಿಸದೆ, ಪಕ್ಕದಲ್ಲೇ ನಿಂತು ಒಂದೊಂದನ್ನೂ ಕೇಳಿದೆವು.

ಮೊದಲನೆಯದು ಗಡಿಯಾರ. ಇಂಟರ್ನೆಟ್ ಜೋಡಿಸಿದ್ದರೆ ಪೆಟ್ಟಿಗೆ ತಾನೇ ಸಮಯ ಸರಿಮಾಡಿಕೊಳ್ಳುತ್ತದೆ. ಎನ್‌ಟಿಪಿ ಎಂಬ ಸೆಟ್ಟಿಂಗ್ ಇದೆ, ಹಾಕಿಕೊಡು ಎಂದು ಕೇಳಬೇಕು, ಕೇಳದೆ ಯಾರೂ ಹಾಕುವುದಿಲ್ಲ. ಇಂಟರ್ನೆಟ್ ಇಲ್ಲದಿದ್ದರೆ ಪ್ರತಿ ತಿಂಗಳು 1ನೇ ತಾರೀಕು, ಬಾಡಿಗೆ ಕೊಡುವ ದಿನ, ಮೊಬೈಲ್ ಹಿಡಿದು ತಾಳೆ ನೋಡುವುದು. ನಾವು ಇನ್ನೂ ಒಂದು ಮಾಡಿದ್ದೇವೆ. ಗಲ್ಲಾದ ಹಿಂದಿನ ಗೋಡೆ ಗಡಿಯಾರವನ್ನು ಕ್ಯಾಮೆರಾಕ್ಕೆ ಕಾಣುವ ಜಾಗಕ್ಕೆ ಸರಿಸಿದ್ದೇವೆ. ಎರಡೂ ಒಟ್ಟಿಗೆ ತಪ್ಪುವುದು ಅಪರೂಪ.

ಎರಡನೆಯದು ಡಿಸ್ಕ್. ಎಷ್ಟು ಟಿಬಿ ಎಂದು ಕೇಳಿದರೆ ಪ್ರಯೋಜನವಿಲ್ಲ, ಎಷ್ಟು ದಿನ ಉಳಿಯುತ್ತದೆ ಎಂದು ಕೇಳಿ. ಲೆಕ್ಕ ಕಷ್ಟವಲ್ಲ. 2 ಮೆಗಾಪಿಕ್ಸೆಲ್ ಕ್ಯಾಮೆರಾ ಒಂದು ಸೆಕೆಂಡಿಗೆ 2 ಮೆಗಾಬಿಟ್‌ನಂತೆ ಬರೆದರೆ ದಿನಕ್ಕೆ ಸುಮಾರು 21 ಜಿಬಿ ತಿನ್ನುತ್ತದೆ. ಎಂಟು ಕ್ಯಾಮೆರಾಕ್ಕೆ 170 ಜಿಬಿ ದಾಟುತ್ತದೆ. 2 ಟಿಬಿ ಡಿಸ್ಕಾದರೆ ಹನ್ನೊಂದು ದಿನ, 4 ಟಿಬಿಯಾದರೆ ಮೂರು ವಾರ. ಈ ಲೆಕ್ಕ ಎಚ್.265 ಎಂಬ ಹೊಸ ಪದ್ಧತಿಯದು. ಹಳೆಯ ಎಚ್.264ರಲ್ಲಿ ಅದೇ ಚಿತ್ರಕ್ಕೆ ಹೆಚ್ಚುಕಡಿಮೆ ಎರಡು ಪಟ್ಟು ಜಾಗ ಬೇಕು. ಕಂಪ್ಯೂಟರಿನ ಸಾದಾ ಡಿಸ್ಕ್ ಹಾಕಿಕೊಡುವವರಿದ್ದಾರೆ. ಹಗಲುರಾತ್ರಿ ಬರೆಯುವುದಕ್ಕೆಂದೇ ಮಾಡಿದ ಸರ್ವೇಲನ್ಸ್ ಡಿಸ್ಕ್ ಬೇರೆ ಬರುತ್ತದೆ, ಅದನ್ನೇ ಕೇಳಿ. ಏನಾದರೂ ನಡೆದರೆ ಅದೇ ದಿನ ಪೆನ್‌ಡ್ರೈವಿಗೆ ತೆಗೆದಿಡಿ, ನಾಳೆ ಎನ್ನಬೇಡಿ.

ಕ್ಯಾಮೆರಾ ಎಲ್ಲಿ ಕೂರಬೇಕು ಎಂಬುದರಲ್ಲಿ ನಮ್ಮವರೆಲ್ಲ ಮಾಡುವ ತಪ್ಪೆಂದರೆ, ಎಲ್ಲವನ್ನೂ ಕಾಣಿಸಲು ಹೋಗಿ ಏನೂ ಕಾಣದಂತೆ ಮಾಡುವುದು. 2.8 ಎಂಎಂ ಲೆನ್ಸ್ ಅಗಲಕ್ಕೆ ನೋಡುತ್ತದೆ, ಇಡೀ ಹಾಲ್ ಬರುತ್ತದೆ. ಆದರೆ 30 ಅಡಿ ದೂರದಲ್ಲಿ ಯಾರೋ ಒಬ್ಬರು ಬಂದರು ಎಂದು ತಿಳಿಯುತ್ತದೆ, ಯಾರು ಬಂದರು ಎಂದು ತಿಳಿಯುವುದಿಲ್ಲ. ದೂರದ ಒಂದೇ ಜಾಗ, ಉದಾಹರಣೆಗೆ ಹಿಂಬಾಗಿಲು ಬೇಕಾದರೆ 6 ಎಂಎಂ ಹಾಕಿಸಿ. ಗಲ್ಲಾಕ್ಕೆ ಮಾಡಿನ ಮೇಲೆ ಬೇಡ. ಏಳೆಂಟು ಅಡಿ ಎತ್ತರದಲ್ಲಿ ಪಕ್ಕದ ಗೋಡೆಗೆ ಹಾಕಿದರೆ ಡ್ರಾಯರೂ, ಕೈಯೂ, ಮುಖವೂ ಬರುತ್ತದೆ. ಹಾಕಿಸಿದ ಕೂಡಲೇ ನಾವೇ ಗಲ್ಲಾದಲ್ಲಿ ಕುಳಿತು ನೂರರ ನೋಟು ಎಣಿಸಿ, ಮಾಳಿಗೆಗೆ ಹೋಗಿ ನೋಟು ಕಾಣುತ್ತದೆಯೇ ಎಂದು ನೋಡಿದೆವು. ಎರಡು ಸಲ ಜಾಗ ಬದಲಿಸಬೇಕಾಯಿತು, ಮೆಕ್ಯಾನಿಕ್ ಸಿಡುಕಿದ. ಸಿಡುಕಲಿ.

ಬಾಗಿಲಿಗೆ ಮುಖ ಮಾಡಿದ ಕ್ಯಾಮೆರಾದಲ್ಲಿ ಹೊರಗಿನ ಬಿಸಿಲಿನಿಂದ ಬಂದವರ ಮುಖ ಕಪ್ಪಗೆ ಕಾಣುತ್ತದೆ. ಡಬ್ಲ್ಯುಡಿಆರ್ ಇರುವುದನ್ನು ಆ ಒಂದು ಜಾಗಕ್ಕಾದರೂ ತೆಗೆದುಕೊಳ್ಳಿ. ಅಡುಗೆ ಮನೆಯದ್ದು ಬೇರೆ ಕಥೆ. ಒಗ್ಗರಣೆ ಹೊಗೆ, ಎಣ್ಣೆ ಜಿಡ್ಡು ಸೇರಿ ತಿಂಗಳೊಳಗೆ ಗಾಜು ಮಂಜಾಗುತ್ತದೆ. ರಾತ್ರಿ ದೀಪ ಆರಿಸಿದಾಗ ಕ್ಯಾಮೆರಾದ ಇನ್‌ಫ್ರಾರೆಡ್ ಬೆಳಕು ಸ್ಟೀಲ್ ಪಾತ್ರೆಗೆ ಹೊಡೆದು ಚಿತ್ರವೆಲ್ಲ ಬೆಳ್ಳಗಾಗುತ್ತದೆ. ಒಲೆಯಿಂದ ದೂರ, ಉಗ್ರಾಣದ ಬಾಗಿಲು ಮತ್ತು ಗ್ಯಾಸ್ ಸಿಲಿಂಡರಿನ ಕಡೆಗೆ ತಿರುಗಿಸಿ, ವಾರಕ್ಕೊಮ್ಮೆ ಮೆತ್ತಗಿನ ಬಟ್ಟೆಯಲ್ಲಿ ಒರೆಸಿದರೆ ಸಾಕು. ದೋಸೆ ಎಷ್ಟು ತೆಳ್ಳಗೆ ಹೊಯ್ಯುತ್ತಾರೆ ಎಂದು ಮನೆಯಲ್ಲಿ ಕುಳಿತು ಮೊಬೈಲಿನಲ್ಲಿ ನೋಡುವವರಿದ್ದಾರೆ. ಅದನ್ನು ಭಟ್ಟರಿಗೇ ಬಿಡುವುದು ಒಳ್ಳೆಯದು.

ಡಿವಿಆರ್ ಪೆಟ್ಟಿಗೆ ಗಲ್ಲಾದ ಕೆಳಗೆ ಬೇಡ, ಕಳ್ಳ ಅದನ್ನೂ ಹೊತ್ತುಕೊಂಡು ಹೋಗುತ್ತಾನೆ. ಬೀಗ ಹಾಕುವ ಕಪಾಟಿನಲ್ಲಿ, ಗಾಳಿ ಆಡುವಂತೆ ಇಡಿ. ಯುಪಿಎಸ್ ಡಿವಿಆರಿಗೆ ಮಾತ್ರ ಕೊಟ್ಟು ಕ್ಯಾಮೆರಾಕ್ಕೆ ಕರೆಂಟ್ ಕೊಡುವ ಸಪ್ಲೈಗೆ ಕೊಡದಿದ್ದರೆ, ಕರೆಂಟ್ ಹೋದಾಗ ಪೆಟ್ಟಿಗೆ ಎಚ್ಚರವಿರುತ್ತದೆ, ಕಣ್ಣು ಮುಚ್ಚಿರುತ್ತದೆ. ಹೊರಗಿನ ಜೋಡಣೆಗಳನ್ನು ನೀರು ಹೋಗದ ಡಬ್ಬಿಯೊಳಗೆ ಮಾಡಿಸಿ. ಮುಂಬಯಿ ಮಳೆಯಲ್ಲಿ ಮೊದಲು ಕೆಡುವುದು ಕ್ಯಾಮೆರಾ ಅಲ್ಲ, ವಯರಿನ ಗಂಟು.

ಪಾಸ್‌ವರ್ಡ್ ವಿಷಯ ತಮಾಷೆಯಲ್ಲ. 2016ರಲ್ಲಿ ಮಿರಾಯಿ ಎಂಬ ಒಂದು ವೈರಸ್, ಕಂಪನಿಯಿಂದ ಬಂದ ಪಾಸ್‌ವರ್ಡನ್ನೇ ಬಿಟ್ಟಿದ್ದ ಲಕ್ಷಾಂತರ ಕ್ಯಾಮೆರಾ, ಡಿವಿಆರ್‌ಗಳನ್ನು ಹಿಡಿದು ಅಮೆರಿಕದಲ್ಲಿ ದೊಡ್ಡ ದೊಡ್ಡ ವೆಬ್‌ಸೈಟ್‌ಗಳನ್ನೇ ನಿಲ್ಲಿಸಿತ್ತು. ನಮ್ಮ ಹಳೆಯ ಪೆಟ್ಟಿಗೆಯ ಪಾಸ್‌ವರ್ಡೂ 12345 ಆಗಿತ್ತು. ಮೆಕ್ಯಾನಿಕ್ ಹೋದ ಮೇಲೆ ನೀವೇ ಬದಲಿಸಿ, ಅವನ ಮೊಬೈಲಿನಲ್ಲಿ ನಿಮ್ಮ ಹೋಟೆಲ್ ಕಾಣುವುದು ನಿಂತಿತೇ ಎಂದು ಖಾತ್ರಿ ಮಾಡಿಕೊಳ್ಳಿ. ಹೊಸದಾಗಿ ಕೊಳ್ಳುವವರು ಬಿಲ್ಲಿನ ಜೊತೆ ಇನ್ನೊಂದು ಕೇಳಿ. 2025ರ ಏಪ್ರಿಲ್‌ನಿಂದ ಸಿಸಿಟಿವಿ ಕ್ಯಾಮೆರಾ ತಯಾರಿಸುವವರಿಗೆ, ಆಮದು ಮಾಡುವವರಿಗೆ ಕೇಂದ್ರ ಸರಕಾರ ಸುರಕ್ಷತೆಯ ಪರೀಕ್ಷೆ ಕಡ್ಡಾಯ ಮಾಡಿದೆ. ಅದಕ್ಕೆ ಮೊದಲಿನ ಮಾಲನ್ನು ಅಗ್ಗಕ್ಕೆ ಕೊಡುತ್ತೇವೆ ಎಂದರೆ ಆಲೋಚಿಸಿ.

ಕೋರ್ಟಿನವರೆಗೆ ಹೋಗುವ ಪ್ರಸಂಗ ಬಂದರೆ ಬರೀ ಪೆನ್‌ಡ್ರೈವ್ ಸಾಲದು. ಇಂಥ ಪೆಟ್ಟಿಗೆಯಿಂದ ತೆಗೆದದ್ದು, ಅದು ಸರಿಯಾಗಿ ನಡೆಯುತ್ತಿತ್ತು ಎಂಬ ಪ್ರಮಾಣಪತ್ರ ಬೇಕು ಎಂದು ಸುಪ್ರೀಂ ಕೋರ್ಟು 2020ರಲ್ಲಿ ಖಡಾಖಂಡಿತವಾಗಿ ಹೇಳಿದೆ. ಮೊದಲು ಇದು ಸಾಕ್ಷ್ಯ ಕಾಯಿದೆಯ 65-ಬಿ ಆಗಿತ್ತು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು. "ಸರಿಯಾಗಿ ನಡೆಯುತ್ತಿತ್ತು" ಎಂದು ಸಹಿ ಹಾಕಬೇಕಾದವರು ನಾವು. 73 ನಿಮಿಷ ಮುಂದಿದ್ದ ಪೆಟ್ಟಿಗೆಗೆ ಅಂದು ಸಹಿ ಹಾಕಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಈಗಲೂ ಮೈ ಬೆವರುತ್ತದೆ.

ಕೆಲಸದವರು ಮಲಗುವ ಮಾಳಿಗೆ, ಬಟ್ಟೆ ಬದಲಿಸುವ ಜಾಗ, ಬಚ್ಚಲು, ಇಲ್ಲೆಲ್ಲ ಕ್ಯಾಮೆರಾ ಕೂಡದು. ಬಟ್ಟೆ ಬದಲಿಸುವ ಹೆಂಗಸರ ಚಿತ್ರ ತೆಗೆದರೆ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಲ್ಲಿ ಜೈಲು ಇದೆ. ಕಾನೂನು ಹಾಗಿರಲಿ, ಹದಿನಾಲ್ಕು ಗಂಟೆ ಹೋಟೆಲಿನೊಳಗೇ ಇರುವ ಹುಡುಗರಿಗೆ ಯಾರೂ ನೋಡದ ಒಂದು ಮೂಲೆ ಬೇಕು. ಈಗ ಹೊಸಬರು ಸೇರಿದ ದಿನವೇ ಎಂಟು ಕ್ಯಾಮೆರಾ ಎಲ್ಲೆಲ್ಲಿವೆ ಎಂದು ತೋರಿಸುತ್ತೇವೆ. ಏನಾದರೂ ಸಂಶಯ ಬಂದರೆ ಅವರನ್ನೂ ಪಕ್ಕದಲ್ಲಿ ಕೂರಿಸಿ, ಒಂದು ಗಂಟೆ ಹಿಂದಿನಿಂದ ನೋಡುತ್ತೇವೆ. ಎರಡು ವರ್ಷದ ಹಿಂದೆ ಪಾರ್ಸೆಲ್ ಕೌಂಟರಿನಲ್ಲಿ 2,000 ಕಡಿಮೆ ಬಂದಾಗ ಹಾಗೆ ನೋಡಿದರೆ, ಹೆಚ್ಚು ಚಿಲ್ಲರೆ ಕೊಟ್ಟವರು ನಾವೇ.

ಮನೆಗೆ ಇಷ್ಟೆಲ್ಲ ಬೇಡ. ವೈಫೈ ಕ್ಯಾಮೆರಾ ಒಂದು, ಒಳಗೆ ಮೆಮೊರಿ ಕಾರ್ಡ್, ಬಾಗಿಲಿಗೆ ಮುಖ ಮಾಡಿ. ಎದುರು ಫ್ಲ್ಯಾಟಿನವರ ಬಾಗಿಲು ಅದರಲ್ಲಿ ಬರದಿರಲಿ, ಸೊಸೈಟಿಗೆ ಮೊದಲೇ ತಿಳಿಸಿ. ನಾವು ಹಾಲಿನಲ್ಲೂ ಒಂದು ಇಟ್ಟಿದ್ದೆವು, ಅಮ್ಮ ಒಬ್ಬರೇ ಇರುತ್ತಾರೆಂದು. ಮೂರನೇ ದಿನ ಅದರ ಮೇಲೆ ಅವರ ಕೈಚೌಕ ಬಿದ್ದಿತ್ತು. ಕೇಳಿದರೆ "ಧೂಳು ಕೂರುತ್ತದೆ" ಎಂದರು. ತೆಗೆದೆವು.

ಯಾರಿಗಾದರೂ ನೋಡಿ ತಿಳಿಯಬೇಕೆಂದಿದ್ದರೆ ಮಧ್ಯಾಹ್ನ 3ರಿಂದ 4ರೊಳಗೆ ನಮ್ಮಲ್ಲಿಗೆ ಬನ್ನಿ, ಗಿರಾಕಿ ಕಡಿಮೆ ಇರುತ್ತದೆ. ಬರುವ ಮೊದಲು ನಿಮ್ಮ ಡಿವಿಆರಿನಲ್ಲಿ ಗಂಟೆ ಎಷ್ಟಾಗಿದೆ ಎಂದು ನೋಡಿಕೊಂಡು ಬನ್ನಿ.